ಅಟ್ಟದಲ್ಲಿ ಸಿಕ್ಕ 46 ವಿಡಿಯೊ ಕ್ಯಾಸೆಟ್‌ಗಳಿಗೆ ಬೂಷ್ಟು: ಏನು ಮಾಡಲಿ?

ಭದ್ರಾವತಿಯವಳು:

ನಮ್ಮ ತಂದೆ 1985ರಿಂದ 1994ರವರೆಗೆ ಭದ್ರಾವತಿಯಲ್ಲಿ ವಿಡಿಯೊ ಲೈಬ್ರರಿ ನಡೆಸುತ್ತಿದ್ದರು. ಕೇಬಲ್ ಬಂತು, ಅಂಗಡಿ ಮುಚ್ಚಿತು, ಕ್ಯಾಸೆಟ್‌ಗಳು ಅಟ್ಟ ಸೇರಿದವು. ಹೋದ ವರ್ಷ ತಂದೆ ತೀರಿಕೊಂಡರು. ಈ ಮಳೆಗಾಲದಲ್ಲಿ ಹೆಂಚು ಎಲ್ಲಿ ಸೋರುತ್ತಿದೆಯೆಂದು ನೋಡಲು ಹತ್ತಿದಾಗ ಎರಡು ಟ್ರಂಕುಗಳಲ್ಲಿ 46 ಕ್ಯಾಸೆಟ್‌ಗಳೂ ಒಂದು ಬಾಡಿಗೆ ಪುಸ್ತಕವೂ ಸಿಕ್ಕವು. ಯಾರು ಯಾವ ಸಿನಿಮಾ ಒಯ್ದರು, ಎಂದು ತಂದರು, ರಿವೈಂಡ್ ಮಾಡದೆ ತಂದದ್ದಕ್ಕೆ ಒಂದು ರೂಪಾಯಿ ದಂಡ, ಎಲ್ಲವೂ ಅದರಲ್ಲಿದೆ. ದಂಡದ ಪಟ್ಟಿಯಲ್ಲಿ ನನ್ನ ಸೋದರಮಾವನದೇ ಮೇಲುಗೈ.

ಬೆಂಗಳೂರಿನಿಂದ ಹಳೆಯ ವಿಸಿಆರ್ ಒಂದನ್ನು ತರಿಸಿದೆ. ಮೊದಲ ಕ್ಯಾಸೆಟ್ ಚೆನ್ನಾಗಿಯೇ ಓಡಿತು. ಎರಡನೆಯದು ಹತ್ತು ನಿಮಿಷ ಓಡಿ, ಆಮೇಲೆ ಪರದೆಯ ತುಂಬ ಬರೀ ಚುಕ್ಕೆ. ಮತ್ತೆ ಮೊದಲನೆಯದನ್ನು ಹಾಕಿದರೆ ಅದರಲ್ಲೂ ಚುಕ್ಕೆ! ಕಿಟಕಿಯಂಥ ಭಾಗದಿಂದ ಇಣುಕಿದರೆ ಸುರುಳಿಯ ಅಂಚಿನಲ್ಲಿ ರಂಗೋಲಿ ಪುಡಿ ಉದುರಿಸಿದ ಹಾಗೆ ಬಿಳಿ ಕಾಣುತ್ತದೆ. ಕೆಟ್ಟದ್ದು ಯಂತ್ರವೋ ಕ್ಯಾಸೆಟ್ಟೋ?

ಇನ್ನೊಂದು ವಿಷಯ, ಮುಖ್ಯವೇನಲ್ಲ. ಪುಸ್ತಕದಲ್ಲಿ ಎಲ್ಲ ಕ್ಯಾಸೆಟ್‌ಗಳಿಗೂ ದಿನಕ್ಕೆ ಹತ್ತು ರೂಪಾಯಿ ಬಾಡಿಗೆ ಇದ್ದರೆ 17ನೇ ನಂಬರಿಗೆ ಮಾತ್ರ ಐದು. ಅದು ರಾಜ್‌ಕುಮಾರ್ ಚಿತ್ರ. ರಾಜ್‌ಕುಮಾರ್ ಚಿತ್ರಕ್ಕೆ ಅರ್ಧ ಬಾಡಿಗೆಯೆಂದರೆ ನಮ್ಮೂರಿನಲ್ಲಿ ಯಾರಾದರೂ ನಂಬುತ್ತಾರೆಯೇ? ಅದೊಂದರ ಬೆನ್ನಿಗೆ ಸೆಲ್ಲೊಟೇಪ್ ತುಂಡನ್ನು ಬೇರೆ ಅಂಟಿಸಿದ್ದಾರೆ.

ಯೂಟ್ಯೂಬ್ ಇದೆಯಲ್ಲ:

ಆ ಕಾಲದ ಚಿತ್ರಗಳೆಲ್ಲ ಈಗ ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತವೆ, ಅದೂ ಇದಕ್ಕಿಂತ ಸ್ಪಷ್ಟವಾಗಿ. ಗುಜರಿಗೆ ಹಾಕಿ ಮೇಡಂ.

ಭದ್ರಾವತಿಯವಳು:

ಗುಜರಿಯವನು ಆಗಲೇ ಬಂದು ಹೋದ. ಟ್ರಂಕು ಮಾತ್ರ ಸಾಕಂತೆ.

ಹಳೆಯ ರಿಪೇರಿಯವನು:

ಮೇಡಂ, ಮೊದಲು ಆ ವಿಸಿಆರ್‌ನ ಪ್ಲಗ್ ಕಿತ್ತಿಡಿ. ಇನ್ನೊಂದು ಕ್ಯಾಸೆಟ್ ಹಾಕಬೇಡಿ. ನಾನು ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನು, ಗದರಿದಂತೆ ಕಂಡರೆ ಕ್ಷಮಿಸಿ.

ಆ ಬಿಳಿಯದು ಬೂಷ್ಟು. ಯಂತ್ರದ ಒಳಗೆ ಒಂದು ಉರುಟು ಡ್ರಮ್ ಇದೆ, ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್‌ನಲ್ಲಿ ಅದು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅದರ ಅಂಚಿನಲ್ಲಿರುವ, ಟೇಪಿನಿಂದ ಚಿತ್ರ ಓದುವ ಹೆಡ್ಡುಗಳು ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕವು. ಬೂಷ್ಟು ಅಲ್ಲಿ ಮೆತ್ತಿಕೊಂಡರೆ ಚಿತ್ರ ಹೋಗಿ ಚುಕ್ಕೆ ಬರುತ್ತದೆ. ನಿಮ್ಮ ಮೊದಲ ಕ್ಯಾಸೆಟ್ ಕೆಟ್ಟಿಲ್ಲ, ಆದರೆ ಎರಡನೆಯದರ ಬೂಷ್ಟು ಈಗ ಅದಕ್ಕೂ ತಗುಲಿರುತ್ತದೆ. ಅದನ್ನೂ ರೋಗಿಗಳ ಸಾಲಿಗೇ ಸೇರಿಸಿ.

ಹೆಡ್ ಒರೆಸಲು 99% ಐಸೊಪ್ರೊಪೈಲ್ ಆಲ್ಕೊಹಾಲ್ ತನ್ನಿ. ಹತ್ತಿ ಬೇಡವೇ ಬೇಡ, ಎಳೆ ಸಿಕ್ಕಿಕೊಂಡರೆ ಹೆಡ್ ಮುರಿಯುತ್ತದೆ. ಬಿಳಿ ಹಾಳೆಯ ತುಂಡನ್ನು ಅದರಲ್ಲಿ ನೆನೆಸಿ, ಡ್ರಮ್ಮಿಗೆ ಹಗುರವಾಗಿ ಒತ್ತಿ ಹಿಡಿದು, ಡ್ರಮ್ಮಿನ ತಲೆಯನ್ನು ಇನ್ನೊಂದು ಕೈಯಿಂದ ತಿರುಗಿಸಿ. ಹಾಳೆ ಅಲ್ಲಾಡಬಾರದು, ಡ್ರಮ್ ತಿರುಗಬೇಕು. ಮೇಲೆ ಕೆಳಗೆ ಉಜ್ಜಿದಿರೋ ಹೆಡ್ ಹೋಯಿತೆಂದೇ ಲೆಕ್ಕ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಕೈಬಿಟ್ಟಿತು. ಹೊಸ ಹೆಡ್ ಹುಡುಕಿಕೊಂಡು ಎಲ್ಲಿಗೆ ಹೋಗುತ್ತೀರಿ?

ಕ್ಯಾಸೆಟ್‌ಗಳನ್ನು ಬಿಸಿಲಿಗೆ ಹರವಬೇಡಿ, ಅವು ಹಪ್ಪಳವಲ್ಲ. ಮುಚ್ಚಳವಿರುವ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮೂರು ನಾಲ್ಕು ವಾರ ಇಡಿ. ಬೂಷ್ಟು ಒಣಗಿ ಪುಡಿಯಾದ ಮೇಲೆ ಜಗಲಿಯಲ್ಲಿ ಕುಳಿತು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಟೇಪನ್ನು ಒಂದು ಸುರುಳಿಯಿಂದ ಇನ್ನೊಂದಕ್ಕೆ ನಿಧಾನವಾಗಿ ಸುತ್ತುತ್ತಾ ನೂಲು ಬಿಡದ ಮೆತ್ತನೆಯ ಬಟ್ಟೆಯಲ್ಲಿ ಒರೆಸಬೇಕು. ಮೂರು ಗಂಟೆಯ ಕ್ಯಾಸೆಟ್‌ನಲ್ಲಿ ಸುಮಾರು 258 ಮೀಟರ್ ಟೇಪ್ ಇರುತ್ತದೆ. ತಾಳ್ಮೆ ಇದ್ದರೆ ಮಾತ್ರ ಕೈ ಹಾಕಿ. ಈ ಕೆಲಸಕ್ಕೆ ಹಾಳಾದ ಇನ್ನೊಂದು ವಿಸಿಆರ್ ಸಿಕ್ಕರೆ ಒಳ್ಳೆಯದು, ಒಳ್ಳೆಯ ಯಂತ್ರಕ್ಕೆ ಕೊಳೆ ಸೋಂಕುವುದಿಲ್ಲ.

ಮುಖ್ಯವೇನಲ್ಲ ಎಂದಿರಲ್ಲ, ನನಗೆ ಅದೇ ಮುಖ್ಯ ಅನ್ನಿಸಿತು. ಕ್ಯಾಸೆಟ್‌ನ ಬೆನ್ನಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ತುಂಡು ಇರುತ್ತದೆ. ಅದನ್ನು ಮುರಿದರೆ ಆ ಕ್ಯಾಸೆಟ್‌ನಲ್ಲಿ ರೆಕಾರ್ಡ್ ಆಗುವುದಿಲ್ಲ. ಗಿರಾಕಿಗಳು ಸಿನಿಮಾ ಅಳಿಸಬಾರದೆಂದು ಲೈಬ್ರರಿಯವರು ಅದನ್ನು ಮುರಿದೇ ಇಡುತ್ತಿದ್ದರು. ಆ ತೂತನ್ನು ಸೆಲ್ಲೊಟೇಪಿನಿಂದ ಮುಚ್ಚಿದ್ದಾರೆಂದರೆ 17ರ ಮೇಲೆ ಯಾರೋ ಬೇಕೆಂದೇ ಬೇರೇನನ್ನೋ ರೆಕಾರ್ಡ್ ಮಾಡಿದ್ದಾರೆ. ಅದನ್ನೇ ಮೊದಲು ಒಣಗಿಸಿ.

ನ್ಯೂಜೆರ್ಸಿ ಕನ್ನಡಿಗ:

ನನ್ನ ಬಳಿ ಇಲ್ಲಿನ ಕನ್ನಡ ಕೂಟದ ನಾಟಕಗಳ ಕ್ಯಾಸೆಟ್‌ಗಳಿವೆ. ಊರಿಗೆ ತಂದು ಅಣ್ಣನ ಮನೆಯ ವಿಸಿಆರ್‌ಗೆ ಹಾಕಿದರೆ ಚಿತ್ರ ಉರುಳುತ್ತಲೇ ಇರುತ್ತದೆ. ಅದೂ ಬೂಷ್ಟೇ?

ಹಳೆಯ ರಿಪೇರಿಯವನು:

ಅಲ್ಲ ಸರ್. ನಿಮ್ಮದು ಅಮೆರಿಕದ ಟಿವಿ ಪದ್ಧತಿ ಎನ್‌ಟಿಎಸ್‌ಸಿ, ಚಿತ್ರಕ್ಕೆ 525 ಗೆರೆ. ನಮ್ಮದು ಪಾಲ್, 625 ಗೆರೆ. ಎರಡನ್ನೂ ಓದುವ ಯಂತ್ರ ಬೇಕು. ಅಲ್ಲೇ ನೋಡಿ ಮುಗಿಸಿ.

ಭದ್ರಾವತಿಯವಳು:

ಐದು ವಾರದ ನಂತರ ಬರೆಯುತ್ತಿದ್ದೇನೆ. 17 ಓಡಿತು! ಒರೆಸಲು ಎರಡು ಸಂಜೆ ಹಿಡಿಯಿತು, ಕೈಯೆಲ್ಲ ಬೂಷ್ಟಿನ ವಾಸನೆ.

ಎರಡು ಗಂಟೆ ಸಿನಿಮಾ ಸರಿಯಾಗಿಯೇ ಬಂತು. ಖಳನಾಯಕನ ಬಂಗಲೆಯ ಮೆಟ್ಟಿಲನ್ನು ರಾಜ್‌ಕುಮಾರ್ ಹತ್ತುತ್ತಿದ್ದಾರೆ, ಇನ್ನೇನು ಬಾಗಿಲು ತೆರೆಯಬೇಕು, ಪರದೆ ಒಮ್ಮೆ ಅದುರಿತು. ಮುಂದೆ ನಾಗಪುರದ ಮೈದಾನ. 1987ರ ಅಕ್ಟೋಬರ್ 31, ವಿಶ್ವಕಪ್, ನ್ಯೂಜಿಲೆಂಡ್ ವಿರುದ್ಧ ಗಾವಸ್ಕರ್ ಬ್ಯಾಟಿಂಗ್. ಏಕದಿನ ಪಂದ್ಯಗಳಲ್ಲಿ ಅವರು ಹೊಡೆದ ಒಂದೇ ಒಂದು ಶತಕ, 103. ತಂದೆಗೆ ಗಾವಸ್ಕರ್ ಎಂದರೆ ಮನೆಯವರಿದ್ದ ಹಾಗೆ. ನಮ್ಮೂರಿನ ವಿಶ್ವನಾಥ್ ಮದುವೆಯಾದದ್ದು ಗಾವಸ್ಕರ್ ಸೋದರಿಯನ್ನು, ಹಾಗಾಗಿ ಬೀಗರು ಎನ್ನುತ್ತಿದ್ದರು. ಕೈಗೆ ಖಾಲಿ ಕ್ಯಾಸೆಟ್ ಸಿಗದೆ ಕಪಾಟಿನಲ್ಲಿದ್ದುದನ್ನೇ ಎಳೆದುಕೊಂಡಿರಬೇಕು.

ಅಮ್ಮನನ್ನು ಕೇಳಿದೆ. ಅವರಿಗೆ ಎಲ್ಲ ನೆನಪಿದೆ. "ಕ್ಲೈಮ್ಯಾಕ್ಸ್ ಇಲ್ಲದ ಕ್ಯಾಸೆಟ್‌ಗೆ ಪೂರ್ತಿ ಬಾಡಿಗೆ ಹೇಗೆ ತೆಗೆದುಕೊಳ್ಳುವುದು? ವಾಪಸ್ ತಂದವರಿಗೆ ಉಳಿದ ಕಥೆಯನ್ನು ನಿಮ್ಮಪ್ಪನೇ ನಿಂತುಕೊಂಡು ಹೇಳುತ್ತಿದ್ದರು, ಹೊಡೆದಾಟದ ಸಮೇತ" ಎಂದರು.

ಹಳೆಯ ರಿಪೇರಿಯವನು:

ಅದೇ ಪಂದ್ಯದಲ್ಲಿ ಮೊದಲು ಚೇತನ್ ಶರ್ಮಾ ಹ್ಯಾಟ್ರಿಕ್ ತೆಗೆದಿದ್ದರು, ವಿಶ್ವಕಪ್‌ನ ಮೊಟ್ಟಮೊದಲ ಹ್ಯಾಟ್ರಿಕ್. ಬಾಡಿಗೆ ಪುಸ್ತಕ ತೆಗೆದು, ಐದು ರೂಪಾಯಿಯದು ಇನ್ನೊಂದಿದೆಯೇ ಮತ್ತೊಮ್ಮೆ ನೋಡಿ ಮೇಡಂ.