‘ಪೇಂಟರ್ಲಿ’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನೋಣ? ಕಾಲುವೆ ದೋಣಿಗಳ ಫೋಟೋಗಳನ್ನು ಮುಂದಿಟ್ಟುಕೊಂಡು ಒಂದು ಪದಚರ್ಚೆ

ಮಾನ್ಯ ಪದಾಸಕ್ತರಿಗೆ ನಮಸ್ಕಾರ.

ಇಂಗ್ಲೆಂಡಿನ ನಡುನಾಡಿನ ಕಾಲುವೆಗಳಲ್ಲಿ ಸಾಗುವ ಉದ್ದನೆಯ ದೋಣಿಗಳ ಫೋಟೋಗಳನ್ನು ಗೆಳೆಯರೊಬ್ಬರು ಬಹುಕಾಲದಿಂದ ತೆಗೆಯುತ್ತ ಬಂದಿದ್ದಾರೆ. ಆಮೇಲೆ ಅವನ್ನು ಫೋಟೋಶಾಪ್, ಗಿಂಪ್, ಕ್ರಿತಾದಂಥ ತಂತ್ರಾಂಶಗಳಲ್ಲಿ ತಿದ್ದಿ, ತೈಲವರ್ಣದಲ್ಲಿ ಬರೆದ ಚಿತ್ರಗಳಂತೆ ಕಾಣುವ ಹಾಗೆ ಮಾಡುತ್ತಾರೆ. ಅವುಗಳಲ್ಲಿ ಕೆಲವನ್ನು ಇಲ್ಲಿಯ ಕನ್ನಡಿಗರ ಬಳಗವೊಂದು ಪ್ರದರ್ಶನಕ್ಕೆ ಇಡಲಿದ್ದು, ಪ್ರತಿ ಚಿತ್ರದ ಕೆಳಗೆ ಬರಬೇಕಾದ ಕನ್ನಡ ಟಿಪ್ಪಣಿಗಳನ್ನು ಬರೆಯುವ ಹೊಣೆ ನನ್ನ ಮೇಲಿದೆ. ಇಂಗ್ಲಿಷ್ ಟಿಪ್ಪಣಿಗಳಲ್ಲಿ ‘ಪೇಂಟರ್ಲಿ’, ಅಂದರೆ ಕುಂಚದ ಕೆಲಸ ಎದ್ದು ಕಾಣುವಂಥ, ಎಂಬ ಗುಣವಾಚಕ ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ಸರಿಹೊಂದುವ ಕನ್ನಡ ಮಾತು ಯಾವುದೆಂದು ಕೇಳುವುದಕ್ಕಾಗಿ ಈ ಪತ್ರ. ನನಗೆ ಹೊಳೆದ ಕೆಲವು ಮಾತುಗಳನ್ನೂ ಅವುಗಳ ಬಗ್ಗೆ ನನಗಿರುವ ಸಂದೇಹಗಳನ್ನೂ ಇಲ್ಲಿ ವಿವರವಾಗಿಯೇ ಬರೆಯುತ್ತಿದ್ದೇನೆ.

ನಿಘಂಟುಗಳ ಜಾಡಿನಲ್ಲಿ ನಡೆದರೆ ಮೊದಲು ಸಿಗುವವು ‘ಕಲಾತ್ಮಕ’, ‘ಚಿತ್ರಾತ್ಮಕ’, ‘ವರ್ಣಚಿತ್ರಸದೃಶ’ ಎಂಬ ಮೂರು ರೂಪಗಳು. ‘ಕಲಾತ್ಮಕ’ ಎನ್ನುವುದು ಮೆಚ್ಚುಗೆಯ ಮಾತೇ ಹೊರತು ವರ್ಣನೆಯ ಮಾತಲ್ಲ. ಅದಕ್ಕಿಂತ ಹೆಚ್ಚಾಗಿ, ‘ಕಲಾತ್ಮಕ ಚಿತ್ರ’ ಎಂದ ಕೂಡಲೇ ಕನ್ನಡ ಓದುಗರಿಗೆ ಸಿನಿಮಾ ನೆನಪಾಗುತ್ತದೆ. ‘ಚಿತ್ರಾತ್ಮಕ’ ಎಂಬುದನ್ನು ನಾವು ಕಣ್ಣಿಗೆ ಕಟ್ಟುವಂಥ ಕಾವ್ಯವರ್ಣನೆಗೆ ಬಳಸಿ ಬಳಸಿ ಅಲ್ಲಿಯೇ ನೆಲೆಗೊಳಿಸಿಬಿಟ್ಟಿದ್ದೇವೆ. ಉಳಿದದ್ದು ‘ವರ್ಣಚಿತ್ರಸದೃಶ’. ಇದು ಉಚ್ಚಾರಣೆಗೆ ತೊಡಕಾದರೂ ಅರ್ಥದಲ್ಲಿ ಸ್ಪಷ್ಟವಾಗಿದೆ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಆದರೆ ಯಾವ ವರ್ಣಚಿತ್ರಕ್ಕೆ ಸದೃಶ ಎಂಬ ಪ್ರಶ್ನೆ ಎದ್ದೊಡನೆ ಆ ಸ್ಪಷ್ಟತೆ ಉಳಿಯುವುದಿಲ್ಲ. ವರ್ಣಚಿತ್ರ ಎಂದಾಗ ಕನ್ನಡಿಗರ ಕಣ್ಣ ಮುಂದೆ ಬರುವುದು ಚಿನ್ನದ ರೇಕು ಅಂಟಿಸಿದ ಮೈಸೂರು ಶೈಲಿಯ ಚಿತ್ರ, ಮನೆಯ ಗೋಡೆಯ ಮೇಲಿನ ರವಿವರ್ಮನ ಲಕ್ಷ್ಮಿ ಸರಸ್ವತಿಯರ ಅಚ್ಚು, ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಮೇಲ್ಛಾವಣಿಯ ಚಿತ್ರಗಳು. ಇವು ಒಂದಕ್ಕೊಂದು ಬಹಳ ಬೇರೆಯಾದರೂ ಒಂದು ವಿಷಯದಲ್ಲಿ ಒಂದೇ: ಇವುಗಳಲ್ಲಿ ಕುಂಚ ನಡೆದ ಗುರುತು ಎದ್ದು ಕಾಣುವುದಿಲ್ಲ. ಗೆರೆ ಕಾಣುತ್ತದೆ, ಬಣ್ಣ ಕಾಣುತ್ತದೆ. ಕುಂಚದ ಕೂದಲು ಎಳೆದ ಬಣ್ಣದ ಎಳೆಗಳು ಕಾಣದಂತೆ ಮಾಡುವುದೇ ಆ ಕಲಾವಿದರ ಹೆಚ್ಚುಗಾರಿಕೆ. ‘ಪೇಂಟರ್ಲಿ’ ಎಂಬ ಮಾತು ಹೇಳುವುದು ಇದಕ್ಕೆ ನೇರ ವಿರುದ್ಧವಾದದ್ದನ್ನು.

ಈ ಪದದ ಬೇರನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕಾಗುತ್ತದೆ. ಕಲಾವಿಮರ್ಶೆಯಲ್ಲಿ ಈಗ ಬಳಕೆಯಲ್ಲಿರುವ ಅರ್ಥ ಇದಕ್ಕೆ ದಕ್ಕಿದ್ದು ಸ್ವಿಟ್ಜರ್ಲೆಂಡಿನ ಕಲಾ ಇತಿಹಾಸಕಾರ ಹೈನ್ರಿಖ್ ವೋಲ್ಫ್ಲಿನ್ 1915ರಲ್ಲಿ ಬರೆದ ಗ್ರಂಥದಿಂದ. ಆತ ಬಳಸಿದ ಜರ್ಮನ್ ಪದ ‘ಮಾಲೆರಿಶ್’. ಇಂಗ್ಲಿಷಿನವರು ಅದನ್ನು ‘ಪೇಂಟರ್ಲಿ’ ಎಂದು ತಂದುಕೊಂಡರು. ಗೆರೆಯನ್ನು ನೆಚ್ಚಿ, ಪ್ರತಿಯೊಂದು ವಸ್ತುವಿನ ಅಂಚನ್ನೂ ಖಚಿತವಾಗಿ ಬೇರ್ಪಡಿಸಿ ತೋರಿಸುವ, ಜರ್ಮನಿಯ ಚಿತ್ರಕಾರ ಡ್ಯೂರರನಂಥವರ ಬಗೆ ಒಂದು. ಅಂಚುಗಳನ್ನು ಕರಗಲು ಬಿಟ್ಟು, ಬೆಳಕು ನೆರಳುಗಳ ರಾಶಿಗಳಲ್ಲಿಯೇ ರೂಪವನ್ನು ಕಟ್ಟುವ, ಡಚ್ ಚಿತ್ರಕಾರ ರೆಂಬ್ರಾಂಟನಂಥವರ ಬಗೆ ಇನ್ನೊಂದು. ಈ ಎರಡನೆಯದು ‘ಮಾಲೆರಿಶ್’. ನಮ್ಮಲ್ಲಿಯೂ ಇಂಥ ವಿಂಗಡಣೆ ಇಲ್ಲದಿಲ್ಲ. ವಿಷ್ಣುಧರ್ಮೋತ್ತರ ಎಂಬ ಸಂಸ್ಕೃತ ಪುರಾಣದಲ್ಲಿ ಚಿತ್ರಕಲೆಯನ್ನು ಕುರಿತ ಭಾಗವಾದ ಚಿತ್ರಸೂತ್ರವು ಆಚಾರ್ಯರು ರೇಖೆಯನ್ನು ಹೊಗಳುತ್ತಾರೆ, ವಿಚಕ್ಷಣರು ವರ್ತನೆಯನ್ನು ಹೊಗಳುತ್ತಾರೆ ಎನ್ನುತ್ತದೆ. ಅಲ್ಲಿ ‘ವರ್ತನಾ’ ಎಂದರೆ ಛಾಯೆಯನ್ನು ತುಂಬಿ ಮೈಯುಬ್ಬನ್ನು ತೋರಿಸುವ ಕೆಲಸ. ಅದರಲ್ಲಿ ಪತ್ರಜ, ಬಿಂದುಜ ಮುಂತಾದ ಮೂರು ಬಗೆಗಳನ್ನೂ ಆ ಗ್ರಂಥ ಹೆಸರಿಸುತ್ತದೆ. ಎಲೆಯ ನರಗಳಂಥ ಗೆರೆಗಳಿಂದ ಛಾಯೆ ತುಂಬುವುದಕ್ಕೂ ಚುಕ್ಕೆಗಳಿಂದ ತುಂಬುವುದಕ್ಕೂ ಬೇರೆ ಬೇರೆ ಹೆಸರಿಟ್ಟ ಪರಂಪರೆ ಅದು. ಇಷ್ಟು ಒಳ್ಳೆಯ ಪದವನ್ನು ಮರಳಿ ತರಬಹುದಿತ್ತು. ಆದರೆ ‘ವರ್ತನೆ’ ಇಂದಿನ ಕನ್ನಡದಲ್ಲಿ ನಡವಳಿಕೆಗೆ ಮೀಸಲಾಗಿ ಹೋಗಿದೆ. ದೋಣಿಯ ಚಿತ್ರದ ಕೆಳಗೆ ‘ವರ್ತನಾಪ್ರಧಾನ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಪದದ ಆಯ್ಕೆ ತಂತ್ರಾಂಶ ಮಾಡುವ ಕೆಲಸವನ್ನೂ ಅವಲಂಬಿಸಿರುವುದರಿಂದ ಆ ಕೆಲಸವನ್ನು ಹೇಳದೆ ಮುಂದುವರಿಯುವಂತಿಲ್ಲ. ಗಿಂಪ್‌ನಲ್ಲಿರುವ ತೈಲವರ್ಣದ ಫಿಲ್ಟರ್ ಫೋಟೋದ ಪ್ರತಿಯೊಂದು ಬಿಂದುವಿನ (ಪಿಕ್ಸೆಲ್‌ನ) ಸುತ್ತಮುತ್ತಲಿನ ಬಿಂದುಗಳನ್ನು ನೋಡಿ, ಅವುಗಳಲ್ಲಿ ಯಾವ ಬಣ್ಣ ಹೆಚ್ಚು ಸಲ ಬಂದಿದೆಯೋ ಆ ಬಣ್ಣವನ್ನು ಅಲ್ಲಿಗೆ ಕೊಡುತ್ತದೆ. ಹೀಗೆ ಬಹುಮತದಿಂದ ಬಣ್ಣ ತೀರ್ಮಾನವಾಗುವುದರಿಂದ ಸಣ್ಣ ವಿವರಗಳು ಅಳಿದು ಬಣ್ಣದ ಪಟ್ಟೆಗಳು ಮೂಡುತ್ತವೆ. ಇದೇ ಬಗೆಯ ಇನ್ನೊಂದು ಉಪಾಯ ಕುವಹಾರ ಫಿಲ್ಟರ್. 1976ರಲ್ಲಿ ಜಪಾನಿನ ಸಂಶೋಧಕರು ಹೃದಯದ ವೈದ್ಯಕೀಯ ಚಿತ್ರಗಳಲ್ಲಿನ ಗದ್ದಲವನ್ನು, ಅಂದರೆ ಬೇಡದ ಚುಕ್ಕೆಗಳನ್ನು, ಕಳೆಯಲೆಂದು ಇದನ್ನು ರೂಪಿಸಿದರು. ಚಿತ್ರಕಲೆಗೂ ಅದಕ್ಕೂ ಆಗ ಯಾವ ಸಂಬಂಧವೂ ಇರಲಿಲ್ಲ. ಬಿಂದುವಿನ ಸುತ್ತಲಿನ ಚೌಕವನ್ನು ನಾಲ್ಕು ಭಾಗಗಳಾಗಿ ಮಾಡಿ, ಯಾವ ಭಾಗದಲ್ಲಿ ಬಣ್ಣದ ಏರಿಳಿತ ಅತಿ ಕಡಿಮೆಯೋ ಆ ಭಾಗದ ಸರಾಸರಿಯನ್ನು ಬಿಂದುವಿಗೆ ಕೊಡುವುದು ಅದರ ಕ್ರಮ. ಪರಿಣಾಮವಾಗಿ ವಸ್ತುಗಳ ಒಳಭಾಗ ಸಮತಟ್ಟಾಗುತ್ತದೆ, ಅಂಚು ಮಾತ್ರ ಗಟ್ಟಿಯಾಗಿಯೇ ಉಳಿಯುತ್ತದೆ. ಎಲ್ಲರೂ ‘ಪೇಂಟರ್ಲಿ’ ಎಂದು ಕರೆಯುವ ಈ ಪರಿಣಾಮ ವೋಲ್ಫ್ಲಿನನ ಅಳತೆಗೋಲಿನಲ್ಲಿ ರೇಖಾಪ್ರಧಾನವೇ ಆಗುತ್ತದೆ, ಏಕೆಂದರೆ ಅಂಚು ಕರಗುವುದೇ ‘ಮಾಲೆರಿಶ್’ ಬಗೆಯ ಮೊದಲ ಲಕ್ಷಣ. ನನ್ನ ಗೆಳೆಯರ ಕೆಲಸದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಫಿಲ್ಟರನ್ನಷ್ಟೇ ಹಾಯಿಸಿದ ಫೋಟೋದಲ್ಲಿ ದೋಣಿಯ ಒಡಲೂ ನೀರಿನಲ್ಲಿ ಬಿದ್ದ ಅದರ ನೆರಳೂ ಕತ್ತರಿಸಿ ಅಂಟಿಸಿದ ಬಣ್ಣದ ಕಾಗದದಂತೆ ಕಾಣುತ್ತವೆ.

ಅವರು ಅಲ್ಲಿಗೇ ನಿಲ್ಲಿಸುವುದಿಲ್ಲ. ಫಿಲ್ಟರ್ ಹಾಯಿಸಿದ ಪ್ರತಿಯ ಮೇಲೆ ಖಾಲಿ ಪದರವೊಂದನ್ನು ಹಾಸಿಕೊಂಡು, ಫೋಟೋಶಾಪ್‌ನಲ್ಲಿ 2010ರಿಂದ ಇರುವ ಮಿಕ್ಸರ್ ಬ್ರಷ್ ಎಂಬ ಸಲಕರಣೆಯಿಂದ ಕೆಲಸ ಮಾಡುತ್ತಾರೆ. ಅದು ಕೆಳಗಿನ ಪದರಗಳ ಬಣ್ಣವನ್ನು ಹಸಿಬಣ್ಣದಂತೆ ಎತ್ತಿಕೊಂಡು, ಕುಂಚದಲ್ಲಿರುವ ಬಣ್ಣದೊಂದಿಗೆ ಬೆರೆಸುತ್ತ ಸಾಗುತ್ತದೆ. ನೀರನ್ನು ಅಗಲವಾದ ಕುಂಚದಿಂದ ಅಡ್ಡಡ್ಡಲಾಗಿ, ದಡದ ಹುಲ್ಲನ್ನು ಸಣ್ಣ ಕುಂಚದಿಂದ ಮೇಲ್ಮುಖವಾಗಿ, ದೋಣಿಯ ಕಬ್ಬಿಣದ ಒಡಲನ್ನು ಅದರ ಉದ್ದಕ್ಕೆ ಹೊಂದಿಸಿ ಬಳಿಯುತ್ತಾರೆ. ಒಡಲು ನೀರನ್ನು ಮುಟ್ಟುವ ಅಂಚನ್ನು ಬೇಕೆಂದೇ ಕದಡುತ್ತಾರೆ. ಇಲ್ಲಿ ಬೇಕಾಗುವ ಉಪಪದಗಳ ಬಗ್ಗೆ ನನಗೆ ಹೆಚ್ಚಿನ ಸಂದೇಹವಿಲ್ಲ. ಲೇಯರ್‌ಗೆ ‘ಪದರ’, ಬ್ರಷ್ ಸ್ಟ್ರೋಕ್‌ಗೆ ‘ಕುಂಚದ ಬೀಸು’, ಟೆಕ್ಸ್ಚರ್‌ಗೆ ಕಲಾವಿಮರ್ಶಕರು ಬಳಸುವ ‘ಮೈವಳಿಕೆ’ ಇವೆಲ್ಲ ಚೆನ್ನಾಗಿಯೇ ಹೊಂದುತ್ತವೆ. ಫಿಲ್ಟರನ್ನು ‘ಶೋಧಕ’ ಎನ್ನುವುದನ್ನು ಮಾತ್ರ ನಾನು ಒಪ್ಪಲಾರೆ. ಏನನ್ನೋ ಹುಡುಕುವ ಯಂತ್ರವೆಂಬ ಭಾವ ಅದರಲ್ಲಿದೆ. ‘ಫಿಲ್ಟರ್’ ಎಂದೇ ಇರಲಿ.

ಈ ದೋಣಿಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ, ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದೂ ಅದೇ. ಇಂಗ್ಲೆಂಡಿನ ಕಾಲುವೆ ದೋಣಿಗಳು ತಾವೇ ಕುಂಚದ ಕೆಲಸ ಹೊತ್ತವು. ದೋಣಿಯಲ್ಲಿಯೇ ಸಂಸಾರ ಹೂಡಿ ಕಲ್ಲಿದ್ದಲು ಸಾಗಿಸುತ್ತಿದ್ದ ಕುಟುಂಬಗಳು 19ನೆಯ ಶತಮಾನದಲ್ಲಿ ರೂಢಿಸಿಕೊಂಡ ‘ಗುಲಾಬಿ ಮತ್ತು ಕೋಟೆ’ ಎಂಬ ಜನಪದ ಚಿತ್ರಕಲೆ ಅವುಗಳ ಬಾಗಿಲು, ಚುಕ್ಕಾಣಿಯ ಹಿಡಿ, ಚಾವಣಿಯ ಮೇಲಿಡುವ ನೀರಿನ ಡಬ್ಬಿಗಳ ಮೇಲೆಲ್ಲ ಇಂದಿಗೂ ಕಾಣುತ್ತದೆ. ನಾರ್ಥಾಂಪ್ಟನ್‌ಶೈರಿನ ಬಕ್ಬಿ ಎಂಬಲ್ಲಿಯ ಹೆಸರನ್ನೇ ಹೊತ್ತ ಆ ಡಬ್ಬಿಗಳನ್ನು ಈ ಫೋಟೋಗಳಲ್ಲಿ ಮತ್ತೆ ಮತ್ತೆ ನೋಡಬಹುದು. ಅವುಗಳ ಮೇಲಿನ ಗುಲಾಬಿಯನ್ನು ಬರೆಯುವ ಕ್ರಮವೆಂದರೆ, ಮೊದಲು ಗಾಢ ಬಣ್ಣದ ದುಂಡನ್ನು ತುಂಬಿ, ಅದು ಒಣಗಿದ ಮೇಲೆ ಒಂದೊಂದು ಎಸಳನ್ನೂ ಬಣ್ಣ ತುಂಬಿದ ಕುಂಚದ ಒಂದೇ ಬೀಸಿನಲ್ಲಿ ಮೂಡಿಸುವುದು. ಎಸಳೆಂದರೆ ಬೀಸು, ಬೀಸೆಂದರೆ ಎಸಳು. ಫಿಲ್ಟರಿನ ಕುಂಚದಳತೆಯನ್ನು ಎಸಳಿಗಿಂತ ದೊಡ್ಡದಾಗಿ ಇಟ್ಟರೆ, ಒಬ್ಬ ನಿಜವಾದ ಚಿತ್ರಗಾರನ ಕೈಯಿಂದ ಬಂದ ಬೀಸುಗಳೆಲ್ಲ ಕರಗಿ ಕೆಂಪು ಬಿಳಿಯ ಮುದ್ದೆಯಾಗುತ್ತವೆ. ಅಂದರೆ ಕುಂಚದಂತೆ ಕಾಣಿಸುವ ಲೆಕ್ಕಾಚಾರ ಕುಂಚವನ್ನೇ ಅಳಿಸುತ್ತದೆ. ಅದಕ್ಕಾಗಿಯೇ ನನ್ನ ಗೆಳೆಯರು ಆ ಭಾಗಗಳಿಗೆ ಮುಸುಕು ಹಾಕಿ ಫಿಲ್ಟರಿನಿಂದ ಕಾಪಾಡುತ್ತಾರೆ. ಅವರ ಈ ಎಚ್ಚರಿಕೆಯನ್ನು ನಾನು ಬಹಳ ಗೌರವಿಸುತ್ತೇನೆ. ಟಿಪ್ಪಣಿಯ ಭಾಷೆಯೂ ಅಷ್ಟೇ ಎಚ್ಚರದಿಂದಿರಬೇಕು: ಒಂದೇ ಚೌಕಟ್ಟಿನೊಳಗೆ ದೋಣಿಯ ಚಿತ್ರಗಾರನ ಕುಂಚ, ತಂತ್ರಾಂಶದ ಲೆಕ್ಕಾಚಾರ, ಫೋಟೋ ತೆಗೆದವರ ಕೈ ಹೀಗೆ ಮೂರು ಇರುವಾಗ ಎಲ್ಲಕ್ಕೂ ಒಂದೇ ವಿಶೇಷಣ ಹಚ್ಚುವುದು ನ್ಯಾಯವಲ್ಲ.

ಹೀಗಾಗಿ ನಾನು ಎರಡು ಮಾತುಗಳನ್ನು ಬೇರೆ ಬೇರೆಯಾಗಿ ಬಳಸುವ ಸಲಹೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಮೊದಲನೆಯದು ‘ಕುಂಚದ ಕಳೆ’. ಹಬ್ಬದ ಕಳೆ, ಮದುವೆಯ ಕಳೆ ಎನ್ನುವಾಗ ನಾವು ಹೇಳುವುದು ಮುಖಕ್ಕೋ ಮನೆಗೋ ಬಂದು ಸೇರಿದ ಕಾಣ್ಕೆಯನ್ನು. ಆ ಕಾಣ್ಕೆ ಎಲ್ಲಿಂದ ಬಂತೆಂಬುದನ್ನು ಆ ಮಾತು ಹೇಳುವುದಿಲ್ಲ. ಫಿಲ್ಟರಿನಿಂದ ಬಂದ ಪರಿಣಾಮಕ್ಕೆ ಇದು ಸರಿಯಾಗಿ ಒಪ್ಪುತ್ತದೆ: ‘ಈ ಫೋಟೋಗೆ ತಂತ್ರಾಂಶದಿಂದ ಕುಂಚದ ಕಳೆ ಕೊಡಲಾಗಿದೆ’. ಎರಡನೆಯದು ‘ಕುಂಚದ ಜಾಡು’. ಜಾಡು ಎನ್ನುವುದು ನಿಜವಾಗಿ ನಡೆದುಹೋದದ್ದು ಬಿಟ್ಟ ಗುರುತು. ಯಾರೂ ನಡೆಯದೆ ಜಾಡು ಮೂಡುವುದಿಲ್ಲ. ಕೈಯಿಂದ ಆಡಿಸಿದ ಬೀಸುಗಳಿಗೆ, ಆ ಕುಂಚ ಹಂದಿಗೂದಲಿನದಾಗಿರಲಿ, ಎಲೆಕ್ಟ್ರಾನಿಕ್ ಲೇಖನಿಯದಾಗಿರಲಿ, ‘ಕುಂಚದ ಜಾಡು ಕಾಣುವ ಚಿತ್ರ’ ಎನ್ನಬಹುದು. ದೋಣಿಯ ಗುಲಾಬಿಗೂ ಇದೇ ಮಾತು ಸಲ್ಲುತ್ತದೆ.

ಇವಕ್ಕೆ ಎದುರಾಗಬಹುದಾದ ಆಕ್ಷೇಪಗಳೂ ನನ್ನ ಗಮನದಲ್ಲಿವೆ. ‘ಕಳೆ’ ಎಂಬುದರಲ್ಲಿ ಮೆಚ್ಚುಗೆ ಬೆರೆತಿದೆ. ‘ಕಳೆಗಟ್ಟು’, ‘ಕಳೆಗೂಡು’ ಎಂಬ ಕ್ರಿಯಾಪದಗಳೇ ಅದಕ್ಕೆ ಸಾಕ್ಷಿ. ನೋಡುಗರು ತೀರ್ಮಾನಿಸುವ ಮೊದಲೇ ಟಿಪ್ಪಣಿಯು ಚಿತ್ರವನ್ನು ಹೊಗಳಿದಂತೆ ಆಗುತ್ತದೆಯೇ? ಇನ್ನು ಸಮಾಸ ಮಾಡಹೊರಟರೆ ಆದೇಶಸಂಧಿಯಿಂದ ‘ಕುಂಚಗಳೆ’ ಎಂದಾಗಿ, ಓದುವವರು ಅದನ್ನು ಕುಂಚ ಎಂಬುದರ ಬಹುವಚನವೆಂದೇ ತಿಳಿಯುತ್ತಾರೆ. ಆದ್ದರಿಂದ ಷಷ್ಠಿಯ ‘ದ’ ಉಳಿಸಿಕೊಂಡು ಎರಡು ಪದಗಳಾಗಿಯೇ ಬರೆಯುವುದು ಮೇಲೆಂದು ನನ್ನ ಅಭಿಪ್ರಾಯ. ಗುಣವಾಚಕಕ್ಕೆ ಗುಣವಾಚಕವನ್ನೇ ಕೊಡಬೇಕೆಂಬ ಹಟ ನಮಗೆ ಬೇಡ. ಕನ್ನಡದ ವಾಕ್ಯ ಅದನ್ನು ಬೇಡುವುದೂ ಇಲ್ಲ.

ದೋಣಿಗೆ ಸಂಬಂಧಿಸಿದ ಪದಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಕಾಲುವೆಯೆಂದರೂ ನಾಲೆಯೆಂದರೂ ಗದ್ದೆಗೆ ನೀರು ಹರಿಸುವಂಥದ್ದು. ಕಾಲುವೆಯಲ್ಲಿ ದೋಣಿಯ ಸಂಸಾರವೆಂದರೆ ಒಂದೆರಡು ವಾಕ್ಯದ ವಿವರಣೆ ಬೇಕೇ ಬೇಕು. ಸುಮಾರು 7 ಅಡಿ ಅಗಲದ ಲಾಕ್‌ಗಳಲ್ಲಿ ಹಿಡಿಸುವಂತೆ ಕಟ್ಟಿದ, ಅಗಲ ಅದಕ್ಕಿಂತ ತುಸು ಕಡಿಮೆಯಿದ್ದು ಉದ್ದ 70 ಅಡಿಯವರೆಗೂ ಇರುವ ಈ ‘ನ್ಯಾರೋಬೋಟ್’ಗಳಿಗೆ ‘ಕಿರುದೋಣಿ’ ಎಂದರೆ ಪುಟ್ಟ ದೋಣಿ ಎಂಬ ತಪ್ಪು ಅರ್ಥ ಬರುತ್ತದೆ. ‘ಸಪೂರ ದೋಣಿ’ ಎನ್ನಬಹುದೆಂದು ತೋರುತ್ತದೆ. ಕುದುರೆ ಹಗ್ಗ ಎಳೆದುಕೊಂಡು ನಡೆಯುತ್ತಿದ್ದ ದಡದ ಹಾದಿಗೆ ‘ಎಳೆದಾರಿ’ ಸಾಕು. ಲಾಕ್ ಎಂಬುದನ್ನು ಹಾಗೆಯೇ ಇಟ್ಟಿದ್ದೇನೆ. ಕೆರೆಯ ‘ತೂಬು’ ಹತ್ತಿರ ಬಂದರೂ, ಎರಡು ಗೇಟುಗಳ ನಡುವಿನ ನೀರನ್ನು ಏರಿಸಿ ಇಳಿಸಿ ದೋಣಿಯನ್ನು ಮೇಲಿನ ಮಟ್ಟದಿಂದ ಕೆಳಗಿನ ಮಟ್ಟಕ್ಕೆ ದಾಟಿಸುವ ತೊಟ್ಟಿಯ ಕಲ್ಪನೆ ಅದರಲ್ಲಿಲ್ಲ.

ಕೊನೆಗೆ ಉಳಿದದ್ದು ಕ್ರಿಯಾಪದ. ಕನ್ನಡದಲ್ಲಿ ಚಿತ್ರವನ್ನು ಬರೆಯುತ್ತೇವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸವೂ ಚಿತ್ರಗಾರನ ಕುಂಚವನ್ನು ‘ಲೇಖನಿ’ ಎಂದೇ ಕರೆಯುತ್ತದೆ. ಬರೆಯುವುದು ಮತ್ತು ಚಿತ್ರಿಸುವುದು ಒಂದೇ ಬೇರಿನವೆಂಬ ಭಾವ ಅಷ್ಟು ಹಳೆಯದು. ಹಳೆಯ ಮೈಸೂರಿನ ಕಡೆ ‘ಚಿತ್ರ ಬಿಡಿಸು’ ಎನ್ನುತ್ತಾರೆ. ಫೋಟೋವನ್ನಂತೂ ಎಲ್ಲರೂ ‘ತೆಗೆಯುತ್ತಾರೆ’. ಉತ್ತರ ಕರ್ನಾಟಕದಲ್ಲಿ ಕೈಯಿಂದ ಬರೆಯುವ ಚಿತ್ರವನ್ನೂ ‘ತೆಗೆಯುವ’ ರೂಢಿಯಿದೆ. ನನ್ನ ಗೆಳೆಯರು ಮಾಡಿದ್ದು ಈ ಮೂರರಲ್ಲಿ ಯಾವುದು? ‘ಪರಿವರ್ತಿಸಿದವರು’ ಎಂದರೆ ಕಡತದ ಭಾಷೆಯಾಗುತ್ತದೆ, ‘ಬರೆದವರು’ ಎಂದರೆ ಫೋಟೋದ ಸಾಲ ಮರೆಯಾಗುತ್ತದೆ, ‘ತೆಗೆದವರು’ ಎಂದರೆ ಆಮೇಲಿನ ದುಡಿಮೆ ಮರೆಯಾಗುತ್ತದೆ. ಸದ್ಯಕ್ಕೆ ‘ಫೋಟೋ ತೆಗೆದು ಕುಂಚವಾಡಿಸಿದವರು’ ಎಂದು ಬರೆದುಕೊಂಡಿದ್ದೇನೆ. ‘ಕುಂಚವಾಡಿಸು’ ಎಂಬುದು ‘ಕೈಯಾಡಿಸು’ ಎಂಬುದರಂತೆ ಹಗುರಾಗಿ ಕೇಳಿಸುತ್ತದೆಯೇ, ಅಥವಾ ಕೆಲಸದ ತೂಕವನ್ನು ಹೊರುತ್ತದೆಯೇ ಎಂಬುದನ್ನು ದಯವಿಟ್ಟು ತಿಳಿಸಿ. ಧಾರವಾಡ, ಬೆಳಗಾವಿ, ಕಲಬುರಗಿಯ ಕಡೆಯವರು ‘ಚಿತ್ರ ತೆಗೆ’ ಎಂಬ ತಮ್ಮ ಬಳಕೆಯಲ್ಲಿ ಈ ಎರಡೂ ಕೆಲಸಗಳನ್ನು ಒಟ್ಟಿಗೆ ಹಿಡಿಸಬಹುದೆಂದು ಭಾವಿಸುವರೇ ಎಂಬುದನ್ನೂ, ಕರಾವಳಿಯಲ್ಲಿ ಮೀನುಗಾರಿಕೆಯ ದೋಣಿಗಳ ಮೇಲೆ ಹೆಸರು, ಹೂಬಳ್ಳಿ ಬರೆಯುವವರು ಆ ಕೆಲಸವನ್ನು ಯಾವ ಕ್ರಿಯಾಪದದಿಂದ ಕರೆಯುತ್ತಾರೆ ಎಂಬುದನ್ನೂ ತಿಳಿದವರು ಬರೆದರೆ ಉಪಕಾರವಾಗುತ್ತದೆ.