ಮಗ ಕ್ವಾರ್ಟರ್‌ಬ್ಯಾಕ್ ಆಗ್ಬೇಕಂತೆ, ಕೋಚ್ ಈ ವರ್ಷ ಕಾಯ್ಲಿ ಅಂತಾರೆ. ಏನ್ ಮಾಡೋದು?

ಫ್ರಿಸ್ಕೋ_ಅಮ್ಮ:
ಎಲ್ಲರಿಗೂ ನಮಸ್ಕಾರ. ಗುಂಪಲ್ಲಿ ಬರೀತಿರೋದು ಮೊದಲ್ನೇ ಸಲ. ಮಗ ಹೈಸ್ಕೂಲು ಎರಡನೇ ವರ್ಷ, ಅಮೆರಿಕನ್ ಫುಟ್‌ಬಾಲ್ ಅಂದ್ರೆ ಪ್ರಾಣ, ಅದೂ ಕ್ವಾರ್ಟರ್‌ಬ್ಯಾಕೇ, ಅಂದ್ರೆ ಬಾಲ್ ಎಸೆದು ಆಟ ನಡೆಸೋನೇ, ಆಗ್ಬೇಕು. ಸ್ಕೂಲಿನ ಮುಖ್ಯ ಟೀಮು ವಾರ್ಸಿಟಿ, ಅದರಲ್ಲಿ ಸೀನಿಯರ್ ಹುಡುಗ ಒಬ್ಬ ಇದಾನೆ, ನಿಮ್ಮ ಮಗ ಅವನ ಹಿಂದೆ ನಿಂತು ನೋಡಿ ಕಲೀಲಿ, ಇಲ್ಲಾಂದ್ರೆ ಕಿರಿಯರ ಎರಡನೇ ಟೀಮು ಜೆವೀಲಿ ಆಡ್ಲಿ, ಯೋಚ್ನೆ ಮಾಡಿ ಹೇಳಿ ಅಂದ್ರು ಕೋಚ್. ಇವನು ಎರಡೂ ಬೇಡ, ಪಕ್ಕದೂರಿನ ಸ್ಕೂಲಿಗೆ ಸೇರ್ಸಿ ಅಲ್ಲಿ ವಾರ್ಸಿಟೀಲೇ ಆಡ್ತೀನಿ ಅಂತ ಹಠ ಹಿಡಿದಿದಾನೆ. ನಮ್ಮೆಜಮಾನ್ರು ಪ್ರೈವೇಟ್ ಕೋಚಿಂಗ್ ಹಾಕ್ಸೋಣ ಅಂತಾರೆ. ನಮ್ಮಿಬ್ರಿಗೂ ಈ ಆಟದ ತಲೆಬುಡ ಗೊತ್ತಿಲ್ಲ. ರಾತ್ರಿ ನಾನು ಪಾತ್ರೆ ತೊಳೀತಿದ್ರೆ ಪಕ್ಕದಲ್ಲೇ ನಿಂತ್ಕೊಂಡು ಮಣಿಕಟ್ಟಿನ ಪಟ್ಟಿ ನೋಡ್ಕೊಂಡು ಪ್ಲೇಗಳ, ಅಂದ್ರೆ ಮೊದಲೇ ಹೆಣೆದ ಆಟದ ನಡೆಗಳ, ಹೆಸರು ಬಾಯಿಪಾಠ ಮಾಡ್ತಾನೆ, ಓದಿಗೂ ಅಷ್ಟು ಶ್ರದ್ಧೆ ತೋರ್ಸಿದ್ದು ನಾನು ಕಂಡಿಲ್ಲ. ಹಾಗಾಗಿ ಸುಮ್ನೆ ಬೇಡ ಅನ್ನೋಕೆ ಮನಸ್ಸು ಬರ್ತಿಲ್ಲ. ಮಕ್ಕಳನ್ನ ಈ ಆಟಕ್ಕೆ ಹಾಕಿರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಹಾಸನ_ಕಾನ್ಸಸ್‌ಸಿಟಿ:
ಮೇಡಂ, ಯೋಚ್ನೇನೇ ಬೇಡ, ಕಾಯಿಸಿ. ನಾನು ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಟೀಮು ಚೀಫ್ಸ್ ಊರಲ್ಲಿ ಇರೋನು, ಕಣ್ಣಾರೆ ನೋಡಿದೀನಿ. 2017ರಲ್ಲಿ ಡ್ರಾಫ್ಟಲ್ಲಿ, ಅಂದ್ರೆ ಟೀಮುಗಳು ಸರದಿ ಪ್ರಕಾರ ಹೊಸ ಆಟಗಾರರನ್ನ ಆರಿಸ್ಕೊಳ್ಳೋ ಕಡೆ, 27ನೇ ಜಾಗದಿಂದ 10ನೇ ಜಾಗಕ್ಕೆ ಬೆಲೆ ಕೊಟ್ಟು ಹತ್ತಿ ಪ್ಯಾಟ್ರಿಕ್ ಮಾಹೋಮ್ಸ್ ಅನ್ನೋ ಕ್ವಾರ್ಟರ್‌ಬ್ಯಾಕ್‌ನ ತಗೊಂಡ್ರು, ತಗೊಂಡು ಏನ್ ಮಾಡಿದ್ರು? ಕೂರಿಸಿದ್ರು. ಇಡೀ ಸೀಸನ್ ಅಲೆಕ್ಸ್ ಸ್ಮಿತ್ ಆಡಿದ, ಈ ಹುಡುಗ ಕೊನೇ ವಾರ ಡೆನ್ವರ್ ಮೇಲೆ ಒಂದೇ ಒಂದು ಮ್ಯಾಚು. ಮುಂದಿನ ವರ್ಷ 50 ಟಚ್‌ಡೌನ್ (ಗೋಲಿನ ಹಾಗೆ ಅಂಕ ತರೋ ಎಸೆತ), ಎಸೆದಿದ್ದು 5097 ಗಜ, ಲೀಗಿಗೇ ಎಂವಿಪಿ, ಅಂದ್ರೆ ಅತ್ಯುತ್ತಮ ಆಟಗಾರ. ಆಂಡಿ ರೀಡ್ ಅಂಥಾ ಕೋಚು ಅವಸರ ಮಾಡ್ಲಿಲ್ಲ, ನಾವ್ಯಾಕೆ ಮಾಡ್ಬೇಕು? ನಮ್ಮವರ ತೊಂದ್ರೇನೇ ಇದು, ಮಕ್ಕಳು ಎಲ್ಲದ್ರಲ್ಲೂ ಮೊದಲೇ ಬಂದುಬಿಡ್ಬೇಕು.

ಧಾರವಾಡ_ಹ್ಯೂಸ್ಟನ್:
ಅಕ್ಕಾರ, ನಾ ಬ್ಯಾರೆ ಹೇಳ್ತೀನ್ರಿ. ದಂಡಿ ಮ್ಯಾಲೆ ಕುಂತು ಈಜು ಕಲ್ತವ್ರು ಯಾರದಾರ್ರೀ? ಪೇಟನ್ ಮ್ಯಾನಿಂಗ್ 1998ರಾಗ ಬಂದ ವರ್ಷನ ಎಲ್ಲಾ ಮ್ಯಾಚ್ ಆಡಿದ, 28 ಸಲ ಎದುರಾಳಿ ಕೈಯಾಗ ಚೆಂಡ್ ಕೊಟ್ಟ, ಟೀಮ್ ಮೂರು ಗೆದ್ದು ಹದಿಮೂರು ಸೋತ್ತು. ಕೋಚು ಅವನ್ನ ತಗದ್ರೇನು? ಇಲ್ಲ. ಮರುವರ್ಷ ಹದಿಮೂರು ಗೆದ್ದು ಮೂರ ಸೋತ್ರು. ನಮ್ಮೂರಾಗೂ ನೋಡ್ರಿ, 2023ರಾಗ ಸಿ.ಜೆ. ಸ್ಟ್ರೌಡ್ ಬಂದಾನ, ಮೊದಲ್ನೇ ದಿನದಿಂದ ಆಡ್ಯಾನ, ಹಿಂದಿನ ವರ್ಷ ಮೂರ ಮ್ಯಾಚ್ ಗೆದ್ದಿದ್ದ ಟೀಮು ಹತ್ತು ಗೆದ್ತು. ಹುಡುಗಗ ಆಡ್ಲಿಕ್ಕೆ ಬಿಡ್ರಿ. ನಮ್ಮ ಮಗಳು ವಾಲಿಬಾಲ್‌ನಾಗ ಎರಡು ವರ್ಷ ಬೆಂಚ್ ಮ್ಯಾಲೆ ಕುಂತು ಬ್ಯಾಸತ್ತು ಬಿಟ್ಟೇ ಬಿಟ್ಲು, ಈಗ ಟಿವಿ ಒಳಗ ಮ್ಯಾಚ್ ಬಂದ್ರೂ ಎದ್ದು ಹೋಗ್ತಾಳ.

ತುಮಕೂರು_ಮಿಲ್ವಾಕಿ:
ಗ್ರೀನ್ ಬೇ ಟೀಮ್ ಬಿಟ್ಟು ಈ ಚರ್ಚೆ ಹೇಗ್ ಆಗತ್ತೆ? ಆರನ್ ರಾಡ್ಜರ್ಸ್ 2005ರಲ್ಲಿ ಬಂದು ಬ್ರೆಟ್ ಫಾರ್ವ್ ಹಿಂದೆ ಮೂರು ವರ್ಷ ಕೂತ. ಬರೀ ಕೂತಿದ್ದಲ್ಲ, ಕಾಲೇಜಲ್ಲಿ ಬಾಲನ್ನ ಕಿವಿ ಎತ್ತರದಲ್ಲಿ ಹಿಡ್ಕೊಂಡು ನಿಲ್ತಿದ್ದ ಅಭ್ಯಾಸ, ಅದನ್ನ ಕೆಳಗಿಳಿಸಿ, ಕಾಲಿನ ಹೆಜ್ಜೆಯಿಂದ ತಿದ್ದಿದ್ರು. ಆಮೇಲೆ ಅದೇ ರಾಡ್ಜರ್ಸ್ ಹಿಂದೆ ಜೋರ್ಡನ್ ಲವ್ ಮೂರು ವರ್ಷ ಕೂತ, 2023ರಲ್ಲಿ ಜಾಗ ಸಿಕ್ಕಿದ್ದೇ ತಡ ಪ್ಲೇಆಫಲ್ಲಿ (ನಾಕೌಟ್ ಸುತ್ತಲ್ಲಿ) ಡ್ಯಾಲಸ್‌ನ ಅವರ ಮನೇಲೇ ಹೊಡೆದ. ಡ್ಯಾಲಸ್ ಪಕ್ಕದ ಫ್ರಿಸ್ಕೋದವರಿಗೆ ಅದು ನೆನಪಿರತ್ತೆ ಬಿಡಿ.

ಮಂಗಳೂರು_ಎಡಿಸನ್:
ನೀವೆಲ್ಲ ಏನು ಮಾತಾಡ್ತಾ ಇದ್ದೀರಿ ಮಾರಾಯ್ರೇ. ಹದಿನೈದು ವರ್ಷದ ಹುಡುಗ, ತಲೆಗೆ ಪೆಟ್ಟು ಬಿದ್ರೆ ಯಾರು ಜವಾಬ್ದಾರಿ? 2017ರಲ್ಲಿ ಬಾಸ್ಟನ್ ಯೂನಿವರ್ಸಿಟಿಯವರು ತೀರಿಹೋದ 111 ಎನ್‌ಎಫ್‌ಎಲ್ ಆಟಗಾರರ ಮಿದುಳು ಪರೀಕ್ಷೆ ಮಾಡಿ 110ರಲ್ಲಿ ಸಿಟಿಇ, ಅಂದ್ರೆ ತಲೆಗೆ ಪದೇ ಪದೇ ಪೆಟ್ಟು ಬಿದ್ದು ಬರುವ ಮಿದುಳಿನ ಕಾಯಿಲೆ, ಇತ್ತು ಅಂತ ಹೇಳಿದ್ದಾರೆ. ಟೆನಿಸ್ ಇದೆ, ಈಜು ಇದೆ. ಫುಟ್‌ಬಾಲೇ ಬೇಕಿದ್ರೆ ಯಾರನ್ನೂ ಕೆಡವದೆ ಆಡುವ ಫ್ಲ್ಯಾಗ್ ಫುಟ್‌ಬಾಲ್ ಆಡ್ಲಿ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲೂ ಅದು ಉಂಟು.

ಹಾಸನ_ಕಾನ್ಸಸ್‌ಸಿಟಿ:
ಆ ಮಿದುಳುಗಳನ್ನ ಕುಟುಂಬದವರೇ ಅನುಮಾನ ಬಂದು ದಾನ ಕೊಟ್ಟಿದ್ದು ಮೇಡಂ, ಎಲ್ಲಾ ಆಟಗಾರರ ಲೆಕ್ಕ ಅಲ್ಲ ಅದು. ಅಪಾಯ ಇಲ್ಲ ಅಂತ ನಾನೂ ಹೇಳಲ್ಲ. ಆದ್ರೆ ಪ್ರಶ್ನೆ ಕೇಳಿರೋದು ಕಾಯೋದಾ ಆಡೋದಾ ಅಂತ. ಕಾಯೋದು. ರಾಡ್ಜರ್ಸ್ ಕಾದ, ಲವ್ ಕಾದ, ಮಾಹೋಮ್ಸ್ ಕಾದ, ಸ್ಟೀವ್ ಯಂಗ್ ಜೋ ಮೊಂಟಾನಾ ಹಿಂದೆ ಕಾದ. ಇನ್ನೂ ಹೇಳ್ಲಾ?

ಶಿವಮೊಗ್ಗ_ಆಸ್ಟಿನ್:
ಫ್ರಿಸ್ಕೋ ಅಕ್ಕ, ನನ್ನ ಮಗ ಇಲ್ಲಿ ನಾಲ್ಕೂ ವರ್ಷ ಆಡಿದಾನೆ, ಕ್ವಾರ್ಟರ್‌ಬ್ಯಾಕೇ. ಮೊದಲು ಒಂದು ಮಾತು, ಕಾಯೋದಾ ಆಡೋದಾ ಅಂತ ಎಲ್ರೂ ಹಿಡ್ಕೊಂಡಿದಾರಲ್ಲ, ನಿಜವಾದ ಪ್ರಶ್ನೆ ಅದಲ್ಲವೇ ಅಲ್ಲ. ರಾಡ್ಜರ್ಸ್ ಬಂದ 2005ರ ಡ್ರಾಫ್ಟಲ್ಲೇ ಅಲೆಕ್ಸ್ ಸ್ಮಿತ್ ಒಂದನೇ ನಂಬರ್, ರಾಡ್ಜರ್ಸ್ 24. ಸ್ಮಿತ್‌ನ ಸ್ಯಾನ್ ಫ್ರಾನ್ಸಿಸ್ಕೋದವರು ಆ ವರ್ಷವೇ ಆಡಿಸಿದ್ರು, ಒಂದು ಟಚ್‌ಡೌನ್, 11 ಇಂಟರ್‌ಸೆಪ್ಷನ್ (ಎದುರಾಳಿ ಕೈಗೆ ಸಿಕ್ಕ ಎಸೆತ). ಸರಿ, ಎಳೇ ಹುಡುಗ, ಕಲೀತಾನೆ ಅನ್ಬೋದು, ಆದ್ರೆ ಕಲಿಸೋರು ನಿಲ್ಲಬೇಕಲ್ಲ? ಏಳು ವರ್ಷದಲ್ಲಿ ಏಳು ಜನ ಅಫೆನ್ಸಿವ್ ಕೋಆರ್ಡಿನೇಟರ್, ಅಂದ್ರೆ ದಾಳಿಯ ಆಟ ರೂಪಿಸೋ ಕೋಚ್, ಬಂದುಹೋದ್ರು ಅವನಿಗೆ. ಕೋಆರ್ಡಿನೇಟರ್ ಬದಲಾದ ಅಂದ್ರೆ ಪ್ಲೇ ಹೆಸರು ಬದಲಾಗತ್ತೆ, ಹೆಜ್ಜೆ ಲೆಕ್ಕ ಬದಲಾಗತ್ತೆ, ಯಾವ ರಿಸೀವರ್‌ನ (ಎಸೆತ ಹಿಡಿಯೋನನ್ನ) ಮೊದಲು ನೋಡ್ಬೇಕು ಅನ್ನೋದು ಬದಲಾಗತ್ತೆ, ನಿನ್ನೆವರೆಗೆ ಕಲ್ತಿದ್ದನ್ನ ಅಳಿಸಿ ಮತ್ತೆ ಅಆಇಈ. 2011ರಲ್ಲಿ ಜಿಮ್ ಹಾರ್ಬಾ ಹೆಡ್ ಕೋಚಾಗಿ ಬಂದು ನೀನೇ ನನ್ನ ಆಟಗಾರ ಅಂತ ನಿಂತಾಗ ಅದೇ ಸ್ಮಿತ್, ಅದೇ ಕೈ, 13 ಗೆಲುವು 3 ಸೋಲು. ಹಾಸನದ ಸರ್ ಹೇಳಿದ ಮಾಹೋಮ್ಸ್ ಒಂದು ವರ್ಷ ಯಾರ ಪಕ್ಕ ಕೂತು ವಾರದ ತಯಾರಿ ಹೇಗ್ ಮಾಡ್ಬೇಕು ಅಂತ ನೋಡಿ ಕಲ್ತನೋ ಅವನು ಇದೇ ಸ್ಮಿತ್, ತನ್ನ ಜಾಗ ಹೋಗತ್ತೆ ಅಂತ ಗೊತ್ತಿದ್ದೂ ಹೇಳ್ಕೊಟ್ಟ. ನನಗೆ ಈ ಆಟದಲ್ಲಿ ಅವನ ಮೇಲಿರೋಷ್ಟು ಗೌರವ ಇನ್ಯಾರ ಮೇಲೂ ಇಲ್ಲ.

ಧಾರವಾಡದ ಅಣ್ಣ ಹೇಳಿದ ಮ್ಯಾನಿಂಗ್ ಆ 28 ತಪ್ಪು ಮಾಡಿದ ವರ್ಷ ಇದ್ದ ಕೋಆರ್ಡಿನೇಟರ್ ಟಾಮ್ ಮೂರ್, ಆಮೇಲೂ ಹತ್ತು ವರ್ಷ ಅವರೇ. ಅದಕ್ಕೇ ತಪ್ಪುಗಳು ಪಾಠ ಆದ್ವು. ಹ್ಯೂಸ್ಟನಲ್ಲೇ ಇನ್ನೊಬ್ಬ ಇದ್ನಲ್ಲ, ಡೇವಿಡ್ ಕಾರ್, 2002ರಲ್ಲಿ ಹೊಸಾ ಟೀಮು, ಮುಂದೆ ನಿಂತು ಕಾಯೋ ಲೈನ್ ಪೂರಾ ಸಡಿಲ, ಒಂದೇ ಸೀಸನಲ್ಲಿ 76 ಸಲ ನೆಲಕ್ಕೆ ಕೆಡವಿದ್ರು. ಅವನೂ ಮೊದಲ ದಿನದಿಂದ ಆಡಿದೋನೇ. ಹೊಡೆತ ತಿಂದೂ ತಿಂದೂ ಕಣ್ಣು ರಿಸೀವರ್ ಬಿಟ್ಟು ಮೈಮೇಲೆ ಬರೋರನ್ನ ನೋಡೋಕೆ ಶುರು ಮಾಡತ್ತೆ, ಆ ಅಭ್ಯಾಸ ಒಂದ್ಸಲ ಹತ್ತಿದ್ರೆ ಬಿಡಿಸೋದು ಬಹಳ ಕಷ್ಟ.

ಈಗ ನಿಮ್ಮ ವಿಷಯ. ಟೆಕ್ಸಸಲ್ಲಿ ಸ್ಕೂಲ್ ಬದಲಾಯಿಸಿದ್ರೆ ಸ್ಕೂಲ್ ಆಟಗಳನ್ನ ನಡೆಸೋ ಸಂಸ್ಥೆ ಯುಐಎಲ್‌ನವರಿಗೆ ಹಿಂದೆ ಎಲ್ಲಿ ಆಡಿದ್ದ ಅಂತ ಫಾರ್ಮ್ ತುಂಬಿ ಕೊಡ್ಬೇಕು, ಹಳೇ ಸ್ಕೂಲಿನವರ ಸಹಿಯೂ ಬೇಕು. ಆಟಕ್ಕೋಸ್ಕರವೇ ಬದಲಾಯಿಸಿದ್ದು ಅಂತ ತೀರ್ಮಾನ ಆದ್ರೆ ವಾರ್ಸಿಟಿ ಒಂದು ವರ್ಷ ಬಂದ್. ಅಂದ್ರೆ ಮಗ ಯಾವುದರಿಂದ ತಪ್ಪಿಸ್ಕೊಳ್ಳೋಕೆ ಹೋಗ್ತಿದಾನೋ ಅದೇ ಆಗತ್ತೆ. ಗುರುವಾರ ಜೆವಿ ಆಡಿದೋನು ಶುಕ್ರವಾರ ವಾರ್ಸಿಟಿ ಆಡೋ ಹಾಗೂ ಇಲ್ಲ, ಅದಕ್ಕೇ ಕೋಚ್ ಆಯ್ಕೆ ಮಾಡಿ ಅಂದಿರೋದು. ಜೆವಿ ಆಡ್ಸಿ ಅಕ್ಕ. ವಾರ್ಸಿಟಿ ಎರಡನೇ ಹುಡುಗನಿಗೆ ಪ್ರಾಕ್ಟೀಸಲ್ಲಿ ಸಿಗೋದು ಬಹಳಷ್ಟು ಸ್ಕೌಟ್ ಟೀಮ್ ಕೆಲ್ಸ, ಮುಂದಿನ ವಾರದ ಎದುರಾಳಿಯ ಪ್ಲೇಗಳನ್ನ ಕಾರ್ಡ್ ನೋಡಿ ಆಡಿ ತೋರ್ಸೋದು, ತನ್ನ ಟೀಮಿನ ಪ್ಲೇ ಕೈಗೆ ಹತ್ತೋದೇ ಇಲ್ಲ. ಕೋಚ್ ಹತ್ರ ಕೇಳ್ಬೇಕಾದ್ದು, ಜೆವಿ ಮತ್ತೆ ವಾರ್ಸಿಟಿ ಎರಡಕ್ಕೂ ಪ್ಲೇಬುಕ್ ಒಂದೇನಾ, ವಾರ್ಸಿಟಿಯವರು ಮ್ಯಾಚ್ ಫಿಲ್ಮ್ ನೋಡೋವಾಗ ಇವನೂ ಕೂರ್ಬೋದಾ, ಮುಂದಿನ ವರ್ಷ ಈ ಕೋಚೇ ಇರ್ತಾರಾ.

ಪ್ರೈವೇಟ್ ಕೋಚ್ ಹಾಕೋದಾದ್ರೆ ಸ್ಕೂಲ್ ಕೋಚಿಗೆ ಹೇಳಿಯೇ ಹಾಕಿ. ಐದು ಹೆಜ್ಜೆ ಹಿಂದಕ್ಕಿಟ್ಟು ಕೊನೇ ಕಾಲು ಊರಿದ ಕ್ಷಣಕ್ಕೆ ರಿಸೀವರ್ ತಿರುಗ್ತಿರ್ಬೇಕು, ಬಾಲ್ ಆಗ್ಲೇ ಕೈ ಬಿಟ್ಟಿರ್ಬೇಕು, ಅವನು ಸಿಗ್ಲಿಲ್ಲ ಅಂದ್ರೆ ಒಂದು ಪುಟ್ಟ ಹೆಜ್ಜೆ ಮುಂದಿಟ್ಟು ಎರಡನೆಯವನ ಕಡೆ. ಇದು ಸ್ಕೂಲಲ್ಲಿ ಒಂದು ಲೆಕ್ಕ, ಪ್ರೈವೇಟಲ್ಲಿ ಇನ್ನೊಂದು ಲೆಕ್ಕ ಆದ್ರೆ ಹುಡುಗ ಮಧ್ಯದಲ್ಲಿ ಸಿಕ್ಕಾಕ್ಕೊಳ್ತಾನೆ, ನಾನು ನೋಡಿದೀನಿ ಅಂಥವರನ್ನ. ತಲೆ ಪೆಟ್ಟಿನ ಬಗ್ಗೆ ಮಂಗಳೂರಿನವರು ಹೇಳಿದ್ದು ಸುಳ್ಳಲ್ಲ. ಪೆಟ್ಟು ಬಿದ್ದ ಮೇಲೆ ವಾಪಸ್ ಬಿಡೋದು ಯಾರು, ಗಾಯ ನೋಡ್ಕೊಳ್ಳೋ ಅಥ್ಲೆಟಿಕ್ ಟ್ರೇನರ್ ಪ್ರತಿ ಪ್ರಾಕ್ಟೀಸಿಗೂ ಇರ್ತಾರಾ, ಅದನ್ನ ಮೊದಲೇ ಕೇಳಿ.

ಧಾರವಾಡ_ಹ್ಯೂಸ್ಟನ್:
ಜೆವಿ ಆಡ್ಸ್ರಿ ಅಂದ್ರಲ್ಲ, ನಾನೂ ಅದನ್ನ ಹೇಳಿದ್ದು. ಆಡಬೇಕು. ಕಾರ್ ಮಾತು ಖರೇ ಐತಿ, ಆ ಲೈನ್ ಇಟ್ಕೊಂಡು ಯಾರ್ ಆಡಿದ್ರೂ ಅಷ್ಟ.

ಹಾಸನ_ಕಾನ್ಸಸ್‌ಸಿಟಿ:
ಇಲ್ಲ ಇಲ್ಲ, ಶಿವಮೊಗ್ಗದ ಮೇಡಂ ಹೇಳಿದ್ದೂ ಕಾಯೋದನ್ನೇ. ವಾರ್ಸಿಟಿಗೆ ಕಾಯ್ಬೇಕು ಅಂತ ತಾನೇ ಅರ್ಥ? ಮಾಹೋಮ್ಸ್ ಕೂಡ ನಿಮ್ಮ ಟೆಕ್ಸಸ್ ಹುಡುಗನೇ, ಟೈಲರ್ ಹತ್ರ ವೈಟ್‌ಹೌಸ್ ಹೈಸ್ಕೂಲು, ಅಲ್ಲೂ ಮೂರನೇ ವರ್ಷಕ್ಕೇ ಕ್ವಾರ್ಟರ್‌ಬ್ಯಾಕ್ ಜಾಗ ಸಿಕ್ಕಿದ್ದು, ಜೊತೆಗೆ ಬೇಸ್‌ಬಾಲೂ ಆಡ್ತಿದ್ದ, ಬೇಸ್‌ಬಾಲ್ ಡ್ರಾಫ್ಟಲ್ಲೂ ಅವನ ಹೆಸರು ಬಂದಿತ್ತು. ನಿಮ್ಮ ಮಗನಿಗೆ ಇದನ್ನ ಹೇಳಿ. ದ್ರಾವಿಡ್‌ಗೆ ಚಿಕ್ಕಂದಿನಲ್ಲೇ ಕೇಕಿ ತಾರಾಪೋರ್ ಥರದ ಗುರು ಸಿಕ್ಕಿದ್ರು, ಅವಸರ ಇಲ್ದೆ ಬುನಾದಿ ಹಾಕಿದ್ರು. ನಮ್ಮ ಕರ್ನಾಟಕದ ಕ್ರಿಕೆಟ್ ಬೆಳೆದಿದ್ದೇ ಹಾಗೆ, ವಿಶ್ವನಾಥ್ ಕಾಲದಿಂದ.

ತುಮಕೂರು_ಮಿಲ್ವಾಕಿ:
ವಿಶ್ವನಾಥ್ 1969ರಲ್ಲಿ ಮೊದಲ ಟೆಸ್ಟಲ್ಲೇ ಸೆಂಚುರಿ ಹೊಡೆದಿದ್ದು ಸರ್. ಮೊದಲ ಇನಿಂಗ್ಸ್ ಸೊನ್ನೆ, ಎರಡನೇ ಇನಿಂಗ್ಸ್ 137. ಕಾನ್ಪುರ, ಆಸ್ಟ್ರೇಲಿಯಾ ಮೇಲೆ.

ಹಾಸನ_ಕಾನ್ಸಸ್‌ಸಿಟಿ:
ಅದಕ್ಕೆ ಮುಂಚೆ ರಣಜಿ ಆಡಿರ್ಲಿಲ್ವಾ? ಅಲ್ಲೂ ಮೊದಲ ಮ್ಯಾಚಲ್ಲೇ ಡಬಲ್ ಸೆಂಚುರಿ. ಆ ಕಟ್ ಶಾಟ್ ನೋಡಿದೋರಿಗೆ ಗೊತ್ತು. ನಮ್ಮಪ್ಪ ಚಿನ್ನಸ್ವಾಮಿ ಸ್ಟೇಡಿಯಮ್ಮಿಗೆ ಕರ್ಕೊಂಡು ಹೋಗ್ತಿದ್ರು...

ಫ್ರಿಸ್ಕೋ_ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಶಿವಮೊಗ್ಗ ಅಕ್ಕ, ಆ ಫಾರ್ಮಿನ ವಿಷಯ ನಮಗೆ ಗೊತ್ತೇ ಇರ್ಲಿಲ್ಲ, ಮಗನಿಗೂ ಗೊತ್ತಿರ್ಲಿಲ್ಲ, ಹೇಳಿದ್ಮೇಲೆ ಸ್ವಲ್ಪ ತಣ್ಣಗಾಗಿದಾನೆ. ಜೆವಿ ಕೋಚ್ ಬೇರೆಯವರಂತೆ, ಪ್ಲೇಬುಕ್ ಒಂದೇ ಆದ್ರೂ ಅವರು ಓಡೋ ಪ್ಲೇನೇ ಜಾಸ್ತಿ ಆಡಿಸ್ತಾರಂತೆ. ಹಾಗಾದ್ರೆ ಎಸೆಯೋದು ಎಲ್ಲಿ ಕಲೀತಾನೆ?

ಶಿವಮೊಗ್ಗ_ಆಸ್ಟಿನ್:
ಬೇಸಿಗೇಲಿ ಸೆವೆನ್ ಆನ್ ಸೆವೆನ್ ಇರತ್ತೆ ಅಕ್ಕ, ಅದರಲ್ಲಿ ಲೈನೂ ಇಲ್ಲ ಟ್ಯಾಕಲೂ ಇಲ್ಲ, ಬರೀ ಎಸೆಯೋದೇ. ಸ್ಕೂಲಿಂದಲೇ ಟೀಮ್ ಹೋಗತ್ತೆ, ಸ್ಟೇಟ್ ಟೂರ್ನಮೆಂಟ್ ಕಾಲೇಜ್ ಸ್ಟೇಷನಲ್ಲಿ. ಆದ್ರೆ ಮೈಮೇಲೆ ಯಾರೂ ಬರಲ್ಲ ಅಂತ ಅಲ್ಲಿ ಬಾಲ್ ಹಿಡ್ಕೊಂಡೇ ನಿಲ್ಲೋದು ರೂಢಿ ಆಗ್ಬಿಡತ್ತೆ, ಪಕ್ಕದಲ್ಲಿ ಯಾರಾದ್ರೂ ಸೆಕೆಂಡ್ ಎಣಿಸೋ ಹಾಗೆ ನೋಡ್ಕೊಳ್ಳಿ. ಫೋನ್ ನಂಬರ್ ಮೆಸೇಜ್ ಮಾಡ್ತೀನಿ, ನನ್ನ ಮಗ ರಜಕ್ಕೆ ಬಂದಾಗ ಇಬ್ರೂ ಮಾತಾಡ್ಲಿ.