ಅಪ್‌ಡೇಟ್: ಓಣಿಯ ಕೊನೆಯ ಮನೆಗಳಿಗೂ ನೀರು ಬಂತು

ನಮ್ಮ ಓಣಿಯ ಕೊನೆಯ ಮನೆಗಳಿಗೆ ನಲ್ಲಿ ನೀರು ಬರ್ತಿಲ್ಲ, ಪಂಚಾಯ್ತಿಯವರು ದುಡ್ಡಿಲ್ಲ ಅಂತಾರೆ, ಏನು ಮಾಡೋದು ಅಂತ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ನೀವು ಹೇಳಿದಂತೆ ವಾರ್ಡ್ ಸಭೆಗೆ ಹೋದೆವು. ಕೇಂದ್ರದಿಂದ ಪಂಚಾಯ್ತಿಗೆ ಬರುವ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲು ಅಲ್ವಾ, ನಮ್ಮ ಓಣಿಗೆ ಎಷ್ಟು ಇಟ್ಟಿದ್ದೀರಿ ಅಂತ ಕೇಳಿದ ಮೇಲೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಕ್ರಿಯಾ ಯೋಜನೆ, ಅಂದ್ರೆ ಯಾವ ಕೆಲಸಕ್ಕೆ ಎಷ್ಟು ದುಡ್ಡು ಅನ್ನೋ ಪಟ್ಟಿ, ತೆಗೆದು ತೋರಿಸಿದರು. ಅದರಲ್ಲಿ ನಮ್ಮ ಓಣಿಯೇ ಇರಲಿಲ್ಲ! ನಮ್ಮ ಬೇಡಿಕೆಯನ್ನು ಅಲ್ಲೇ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿದೆವು. ಸುಮ್ನೆ ಬಾಯಿಮಾತು ನಂಬಬೇಡಿ, ಆ ನಡಾವಳಿಯ ನಕಲು ಇಸ್ಕೊಳ್ಳಿ. ಗ್ರಾಮಸಭೆಯಲ್ಲಿ ಒಪ್ಪಿಗೆ ಸಿಕ್ಕಿತು. ಈಗ ಹೊಸ ಪೈಪು, ಬೇರೆ ವಾಲ್ವ್. ನೀರುಗಂಟಿ ಬೆಳಿಗ್ಗೆ ಮೊದಲು ನಮ್ಮ ಕಡೆಯ ವಾಲ್ವ್ ತಿರುಗಿಸುತ್ತಾರೆ, ನೀರು ಜೋರಾಗಿಯೇ ಬರುತ್ತದೆ. ಚರಂಡಿ ಮಾತ್ರ ಇನ್ನೂ ಬಾಕಿ. ಮುಂದಿನ ಸಭೆಯಲ್ಲಿ ಅದನ್ನೇ ಕೇಳುತ್ತೇವೆ.